ಒಗ್ಗರಣೆ ಡಬ್ಬಿಯಲ್ಲಿ ಐನೂರು ಗುಂಡು

ಅಬಿಡ್ಸ್ ಕಡೆಯ ಬಂದೂಕಿನ ಅಂಗಡಿಯವರು ಆ ತಿಂಗಳಲ್ಲಿ ಮೂರನೇ ಸಲ ಫೋನ್ ಮಾಡಿ ಬೆಲೆ ಏರಿದೆ ಎಂದಾಗ ನನಗೆ ರೇಗಿಹೋಯಿತು. "ನಿಮ್ಮ ಗುಂಡಿಗೇನು ಬಂಗಾರದ ನೀರು ಕುಡಿಸಿದ್ದೀರಾ?" ಎಂದು ಕೇಳಿದೆ. "ಬಂಗಾರ ಆದರೂ ಸಿಗುತ್ತದೆ ಅಮ್ಮಾ, ಯೇ ಮಾಲಿಚ್ ನೈ" ಎಂದು ಅವರು ತಮ್ಮ ದಖನಿಯಲ್ಲಿ ನಕ್ಕರು. ಸರಕೇ ಇಲ್ಲವಂತೆ. ಹೊರದೇಶದ ಕಾರ್ಖಾನೆಗಳಿಗೆ ಯುದ್ಧದ ಆರ್ಡರುಗಳೇ ಹೊರಲಾರದಷ್ಟಾಗಿದ್ದವು, ಆಟಕ್ಕೆ ಬೇಕಾದ ಪುಟ್ಟ ಗುಂಡು ಯಾರಿಗೆ ಬೇಕಾಗಿತ್ತು? ಬಂದ ನಾಲ್ಕು ಪೆಟ್ಟಿಗೆಗೆ ನಲವತ್ತು ಜನ ಕೈಚಾಚಿ ನಿಂತಿದ್ದರು. ಕೊನೆಗೆ ಅವರು, "ಒಂದೇ ಒಂದು ಕಾರ್ಟನ್ ದೇಶೀ ಮಾಲು ಇದೆ, ಐನೂರು ಗುಂಡು. ಇವತ್ತೇ ಹೇಳಿ, ನಾಳೆ ಇರೋದಿಲ್ಲ" ಎಂದರು. ಬೇಡ ಅನ್ನಲು ಬಾಯಿ ತೆರೆದವಳು ಬೇಕು ಅಂದೆ.

ನಾನು ಹೈದರಾಬಾದಿನ ಒಂದು ರೈಫಲ್ ಕ್ಲಬ್ಬಿನ ಆರ್ಮರರ್. ಬಂದೂಕುಗಳನ್ನು ರಿಪೇರಿ ಮಾಡುವುದು, ಒರೆಸಿ ಎಣ್ಣೆ ಹಚ್ಚುವುದು, ಬೀಗ ಹಾಕಿ ಕಾಯುವುದು ನನ್ನ ಕೆಲಸ. ಹೆಂಗಸಾಗಿ ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು ಹೊಸಬರು ಕೇಳುತ್ತಾರೆ. ಅಪ್ಪ ವಿಜಯಪುರದ ಕಡೆಯಿಂದ ಬಂದು ಇಲ್ಲಿನ ಪೊಲೀಸ್ ಶಸ್ತ್ರಾಗಾರದಲ್ಲಿ ಇದೇ ಕೆಲಸ ಮಾಡಿ ರಿಟೈರ್ ಆದವರು. ಬೇರೆ ಮಕ್ಕಳು ಬೊಂಬೆ ಹಿಡಿದ ವಯಸ್ಸಿನಲ್ಲಿ ನಾನು ಅವರ ಸ್ಕ್ರೂಡ್ರೈವರ್ ಹಿಡಿದಿದ್ದೆ. ನನ್ನ ಬಗ್ಗೆ ಅಷ್ಟು ಹೇಳಿದರೆ ಸಾಕು.

ಗುಂಡಿನ ಬರ ಕ್ಲಬ್ಬಿನಲ್ಲಿ ಎಲ್ಲರಿಗೂ ತಟ್ಟಿತ್ತು. ಕೊಂಡಾಪುರ, ಮಣಿಕೊಂಡದಿಂದ ರವಿವಾರ ಬರುವ ಐಟಿಯವರು ಹತ್ತು ಗುಂಡಿನ ದರ ಕೇಳಿ, ರೈಫಲ್ ಹಿಡಿದು ಫೋಟೊ ಮಾತ್ರ ತೆಗೆಸಿಕೊಂಡು ಬಿರಿಯಾನಿಗೆ ಹೋಗತೊಡಗಿದರು. ಹಾರುವ ತಟ್ಟೆಗೆ ಹೊಡೆಯುವ ಹನ್ನೆರಡು ಬೋರಿನವರಲ್ಲಿ ಖಾಲಿ ಕಾಡತೂಸನ್ನು ಮತ್ತೆ ತುಂಬಿಕೊಳ್ಳುವ ಲೈಸೆನ್ಸ್ ಇದ್ದವರೂ ಕ್ಯಾಪ್ ಇಲ್ಲ, ಮದ್ದಿಲ್ಲ ಎಂದು ಕೈಕಟ್ಟಿ ಕೂತರು. ನಮ್ಮ ಪಾಯಿಂಟ್ ಟೂ ಟೂ ರೈಫಲ್ಲಿಗಂತೂ ಮತ್ತೆ ತುಂಬುವ ಆಸೆಯೇ ಇಲ್ಲ. ಅದರ ಗುಂಡಿನ ಹಿತ್ತಾಳೆ ಕೊಳವೆಗೆ ಬುಡದಲ್ಲಿ ಒಂದು ಅಂಚು ಇರುತ್ತದೆ, ಕಿಡಿ ಹೊತ್ತಿಸುವ ಮದ್ದು ಇರುವುದು ಆ ಅಂಚಿನೊಳಗೆ. ಪಿನ್ನು ಬಡಿದು ಅಂಚು ಒಮ್ಮೆ ಚಪ್ಪಟೆಯಾದರೆ ಆ ಕೊಳವೆ ಗುಜರಿಗೆ.

ಎಲ್ಲರಿಗಿಂತ ಹೆಚ್ಚು ಸಿಕ್ಕಿಬಿದ್ದವರು ಬಾಯಾರು. ನಾರಾಯಣಗೂಡದ ಜೂನಿಯರ್ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಹೇಳುವ ಮೇಡಂ ಅವರು. ಅವರ ಮನೆತನವೂ ನಮ್ಮ ಕಡೆಯದೇ ಆದ್ದರಿಂದ, ಪಾಠ ಹೇಳುವ ಹೆಂಗಸರನ್ನು ಕರೆಯುವ ನಮ್ಮ ರೂಢಿಯಂತೆ ನಾನು ಅವರಿಗೆ ಬಾಯಾರ ಅನ್ನುತ್ತೇನೆ, ಅವರು ನನಗೆ ಅಕ್ಕಾ ಅನ್ನುತ್ತಾರೆ. ನಲವತ್ತಾರು ವಯಸ್ಸು, ಮೊಣಕೈಗಳಲ್ಲಿ ಚರ್ಮ ಗಟ್ಟಿಯಾಗಿ ಕಪ್ಪಾಗಿದೆ. ಬೋರಲು ಮಲಗಿ ಐವತ್ತು ಮೀಟರ್ ದೂರದ ಗುರಿಗೆ ಅರವತ್ತು ಗುಂಡು ಹೊಡೆಯುವ ಪ್ರೋನ್ ಪಂದ್ಯ ಅವರದು. ಎಂಟು ವರ್ಷದಿಂದ ರಾಜ್ಯದ ತಂಡದಲ್ಲಿದ್ದರು. ತಂಡದಲ್ಲಿದ್ದವರಿಗೆ ಹೊರದೇಶದ ಒಳ್ಳೆಯ ಗುಂಡಿನಲ್ಲಿ ಪಾಲು ಸಿಗುತ್ತಿತ್ತು, ಆ ವರ್ಷ ಆ ಪಾಲು ಬರಲೇ ಇಲ್ಲ. ಆಯ್ಕೆಯ ಟ್ರಯಲ್ಸಿಗೆ ಮೂರು ವಾರ ಉಳಿದಿತ್ತು. ಗುಂಡಿಲ್ಲದಿದ್ದರೆ ಅಂಕವಿಲ್ಲ, ಅಂಕವಿಲ್ಲದಿದ್ದರೆ ತಂಡವಿಲ್ಲ, ತಂಡದಿಂದ ಬಿದ್ದರೆ ಮುಂದೆ ಗುಂಡು ಬಂದರೂ ಅದರಲ್ಲಿ ಪಾಲಿಲ್ಲ. ಈ ಸಲ ಬಿದ್ದರೆ ಅವರ ರೈಫಲ್ ನನ್ನ ಕಪಾಟಿನಲ್ಲೇ ಮುದಿಯಾಗುತ್ತಿತ್ತು.

ನಮ್ಮ ಕಾರ್ಯದರ್ಶಿಗಳು ಕೆಟ್ಟವರಲ್ಲ. ನಿವೃತ್ತ ಅಧಿಕಾರಿ, ತೆಲುಗಿನವರು, ಎಲ್ಲವನ್ನೂ ಅಚ್ಚುಕಟ್ಟಾಗಿ ಮುಗಿಸುವ ಚಟ. ಕ್ಲಬ್ಬಿನ ಕಪಾಟಿನಲ್ಲಿ ಹೊರದೇಶದ ಗುಂಡು ಎರಡೇ ಪೆಟ್ಟಿಗೆ ಉಳಿದಿತ್ತು, ಒಟ್ಟು ನೂರು. ಅದನ್ನು ಬಾಯಾರಿಗೆ ಕೊಡಿ ಎಂದು ನಾನು ಕೇಳಲು ಹೋದೆ. ಅವರು ಕನ್ನಡಕ ತೆಗೆದು ಒರೆಸಿದರು. "ಅಮ್ಮಾ, ಇಪ್ಪತ್ತು ವರ್ಷದವರು ಕಾಯುತ್ತಾ ಇದ್ದಾರೆ. ಮೇಡಂ ಸಾಕಷ್ಟು ಹೊಡೆದಿದ್ದಾರೆ. ಒಂದು ಶಾಲು ಹೊದಿಸಿ ಗೌರವದಿಂದ ಕಳಿಸೋಣ" ಎಂದರು. ಶಾಲು ಆಗಲೇ ತಂದೂ ಇಟ್ಟಿದ್ದರು. ಡ್ರಾಯರ್ ಎಳೆದು ತೋರಿಸಿದರು. ಕಂದು ಬಣ್ಣ, ಒಳ್ಳೆಯ ಉಣ್ಣೆ, ಪ್ಲಾಸ್ಟಿಕ್ ಕವರಿನೊಳಗೆ ಹೆಸರು ಬರೆದ ಚೀಟಿ ಸಮೇತ ಮಲಗಿತ್ತು.

ಇದನ್ನು ಹೇಳಿದಾಗ ಬಾಯಾರು ಅಳುತ್ತಾರೆ ಎಂದುಕೊಂಡಿದ್ದೆ. "ಶಾಲೇನ್ರಿ ಅಕ್ಕಾ? ಈ ಬಿಸಲಾಗ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನನಗ ಹೊಡಿಯಾಕ ಬರೂದಿಲ್ಲ ಅಂತ ಆದ ದಿನ ನಾನ ಬಿಡತೀನಿ. ಇವರು ಬಿಡಸೂದು ಬ್ಯಾಡ" ಎಂದರು. ಆ ಮಾತು ನನಗೆ ಹಿಡಿಸಿತು. ಅವತ್ತಿನಿಂದ ನಾನೂ ಹಟಕ್ಕೆ ಬಿದ್ದೆ.

ಕಾರ್ಟನ್ ಬಂತು. ಬಿಚ್ಚಿದ ಕೂಡಲೇ ಒಳಗಿನ ಹತ್ತೂ ಪೆಟ್ಟಿಗೆಯ ಲಾಟ್ ನಂಬರ್ ನೋಡಿದೆ, ಎಲ್ಲ ಒಂದೇ. ಅದೊಂದು ಪುಣ್ಯ. ಈ ಗುಂಡಿನ ದೋಷ ಏನೆಂದರೆ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಬುಡದ ಅಂಚು ಒಂದರಲ್ಲಿ ತೆಳು, ಒಂದರಲ್ಲಿ ದಪ್ಪ. ಅಂಚು ತೆಳುವಾದರೆ ಗುಂಡು ನಳಿಗೆಯ ಬುಡದ ಕೋಣೆಯಲ್ಲಿ ಸಡಿಲ ಕೂರುತ್ತದೆ, ಪಿನ್ನಿನ ಪೆಟ್ಟು ಬೇರೆ ತರ ಬೀಳುತ್ತದೆ, ಐವತ್ತು ಮೀಟರಿಗೆ ಹೋಗುವಷ್ಟರಲ್ಲಿ ಹತ್ತು ಅಂಕದ್ದು ಎಂಟಾಗಿರುತ್ತದೆ. ಆದರೆ ಐನೂರರಲ್ಲಿ ಒಂದೇ ದಪ್ಪದವು ಒಂದಿಷ್ಟಾದರೂ ಇರಲೇಬೇಕಲ್ಲ? ಆರಿಸಿದರೆ ಆಯಿತು.

ಬಾಲಾನಗರದ ಒಬ್ಬ ಲೇತ್ ಕೆಲಸದವರ ಹತ್ತಿರ ಹಿತ್ತಾಳೆಯ ಒಂದು ಗಟ್ಟಿ ಮಾಡಿಸಿದೆ. ಅದರ ತೂತಿನಲ್ಲಿ ಗುಂಡು ಇಳಿಬಿಟ್ಟರೆ ಅಂಚು ಮಾತ್ರ ಮೇಲೆ ನಿಲ್ಲುತ್ತದೆ, ಅದರ ಮೇಲೆ ಡಯಲ್ ಗೇಜಿನ ಮೊನೆ ಸುಮ್ಮನೆ ಕೂರಬೇಕು. ಒತ್ತುವ ಹಾಗಿಲ್ಲ, ಒಳಗೆ ಮದ್ದಿದೆ. ಗೇಜು ಮಿಲಿಮೀಟರಿನ ನೂರನೇ ಪಾಲಿನವರೆಗೆ ದಪ್ಪ ಹೇಳುತ್ತದೆ. ವಿಂಗಡಿಸಿ ಇಡಲು ಮನೆಯಿಂದ ಹಳೆಯ ಸ್ಟೀಲಿನ ಒಗ್ಗರಣೆ ಡಬ್ಬಿ ತಂದೆ. ಏಳು ಬಟ್ಟಲು, ಏಳು ದಪ್ಪ. ಸಾಸಿವೆಯ ಬಟ್ಟಲಿಗೆ ಅತಿ ತೆಳು, ಮೆಣಸಿನ ಬಟ್ಟಲಿಗೆ ಅತಿ ದಪ್ಪ, ನಡುವಿನ ಅರಿಶಿನದ ಬಟ್ಟಲಿಗೆ ನಮಗೆ ಬೇಕಾದ್ದು.

"ಅಕ್ಕಾ, ಇದರಾಗ ಜೀರಗಿ ವಾಸನಿ ಬರಾಕತ್ತೇತಿ" ಎಂದರು ಬಾಯಾರು.

"ಬರಲಿ ಬಿಡ್ರಿ ಬಾಯಾರ, ಗುರಿಗೆ ಮೂಗಿಲ್ಲ."

ಕಾಲೇಜು ಮುಗಿಸಿ ಅವರು ನಾಲ್ಕಕ್ಕೆ ಬರುತ್ತಿದ್ದರು. ಶಸ್ತ್ರಾಗಾರದ ಕಬ್ಬಿಣದ ಮೇಜಿನ ಎರಡು ಬದಿಗೆ ಕೂತು ನಾನು ಅಳೆಯುವುದು, ಅವರು ಬಟ್ಟಲಿಗೆ ಹಾಕುವುದು. ಆ ಮೇಜೊಂದು ಶನಿ. ಮೊಣಕೈ ತಾಗಿದರೆ ಸಾಕು, ಗುಂಡುಗಳು ಗಡಗಡ ಉರುಳಿ ಕೆಳಗೆ ಬೀಳುತ್ತಿದ್ದವು. ಶಸ್ತ್ರಾಗಾರದಲ್ಲಿ ಒಂದು ಗುಂಡೂ ಕಾಣೆಯಾಗುವ ಹಾಗಿಲ್ಲ, ಬಾಯಾರು ಸೀರೆ ಎತ್ತಿ ಕಟ್ಟಿ ಕಪಾಟಿನ ಕೆಳಗೆ ತೂರಿ ಹುಡುಕುತ್ತಿದ್ದರು. ಪೇಪರ್ ಹಾಸಿದೆವು, ಅದರ ಮೇಲೂ ಉರುಳಿದವು. ನಾಲ್ಕು ಸಂಜೆ ಹೀಗೆ ಕಳೆಯಿತು.

ಐದನೆಯ ದಿನ ಪರೀಕ್ಷೆ. ಬಾಯಾರು ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ಪ್ರತಿ ಬಟ್ಟಲಿನಿಂದ ಹತ್ತು ಹೊಡೆದರು. ಸಾಸಿವೆ ಬಟ್ಟಲಿನವು ಅಂಗೈ ಅಗಲಕ್ಕೆ ಚೆದುರಿದವು. ಅರಿಶಿನದ ಬಟ್ಟಲಿನ ಹತ್ತೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋದವು. ಇಬ್ಬರೂ ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆವು. ನಡುವಿನ ಬಟ್ಟಲು, ಅದರ ಅಕ್ಕಪಕ್ಕದ ಎರಡು, ಇಷ್ಟನ್ನು ತೂಕ ಮಾಡಿ ಮತ್ತೆ ಜರಡಿ ಹಿಡಿದಾಗ ಉಳಿದದ್ದು ಇನ್ನೂರಕ್ಕೆ ಸ್ವಲ್ಪ ಮೇಲೆ, ಅವೆಲ್ಲ ಅರಿಶಿನದ ಬಟ್ಟಲಿಗೆ ಸೇರಿದವು. ಮಿಕ್ಕಿದ್ದನ್ನೆಲ್ಲ ಒಂದು ಬಿಸ್ಕತ್ ಡಬ್ಬಿಗೆ ಸುರಿದು, ಮೇಲೆ 'ಹೊಟ್ಟು' ಎಂದು ಬರೆದೆ.

"ಹೊಟ್ಟಿನಾಗ ಪ್ರಾಕ್ಟೀಸ್ ಮಾಡಲೇನ್ರಿ?" ಎಂದು ಬಾಯಾರು ಆಸೆಯಿಂದ ಕೇಳಿದರು.

"ಒಂದೂ ಬ್ಯಾಡ. ತಪ್ಪು ಬಿದ್ದಾಗ ಗುಂಡಿಂದೋ ಕೈಯಿಂದೋ ಅನ್ನೂ ಅನುಮಾನ ಬರತೈತಿ. ಅದು ಹೊಕ್ಕತಂದ್ರ ನಿಮ್ಮ ಕೈ ಕೆಟ್ಟಂಗ. ಹೊಟ್ಟು ನಿಮ್ಮ ರೈಫಲ್ಲಿನಾಗ ಹೋಗೂದಿಲ್ಲ" ಎಂದು ಖಂಡಿತವಾಗಿ ಹೇಳಿದೆ. ಅದನ್ನು ರವಿವಾರದ ಫೋಟೊದವರಿಗೆ ಮೀಸಲಿಟ್ಟೆ.

ಒಳ್ಳೆಯ ಗುಂಡನ್ನು ದಿನಕ್ಕೆ ಹತ್ತರಂತೆ ಮಾತ್ರ ಕೊಡುತ್ತಿದ್ದೆ, ಉಳಿದದ್ದೆಲ್ಲ ಖಾಲಿ ಅಭ್ಯಾಸ. ಅವರ ರೈಫಲ್ಲಿನ ಟ್ರಿಗರಿಗೆ ಪಿನ್ನು ಬಡಿಯದ ಹಾಗೆ ಬೇರೆ ಒಂದು ಸೆಟ್ಟಿಂಗ್ ಇದೆ. ಗುಂಡಿಲ್ಲದೆ ಮಲಗಿ, ಉಸಿರು ಬಿಟ್ಟು, ಗುರಿ ಹಿಡಿದು, ಟ್ರಿಗರ್ ಎಳೆದು, ಅದು ಎಲ್ಲಿಗೆ ಹೋಗುತ್ತಿತ್ತು ಎಂದು ಬಾಯಿಬಿಟ್ಟು ಹೇಳಬೇಕು. ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ನಳಿಗೆಯ ತುದಿಯನ್ನೇ ನೋಡುತ್ತಿದ್ದೆ. "ಹತ್ತು" ಅನ್ನುತ್ತಿದ್ದರು. "ಸುಳ್ಳ ಹೇಳಬ್ಯಾಡ್ರಿ, ಬಲಕ್ಕ ಜಿಗಿತು" ಅನ್ನುತ್ತಿದ್ದೆ. "ಹಂಗಾದ್ರ ಒಂಬತ್ತು." "ಈಗ ಖರೇ ಹೇಳಿದ್ರಿ." ಪಕ್ಕದ ಸಾಲಿನವರು ನಮ್ಮನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ನಗಲಿ. ಎರಡು ವಾರ ಹೀಗೆ ಇಲ್ಲದ ಗುಂಡನ್ನೇ ನೂರುಗಟ್ಟಲೆ ಹೊಡೆದೆವು. ಟ್ರಯಲ್ಸಿನ ಹಿಂದಿನ ದಿನ ಅರಿಶಿನದ ಬಟ್ಟಲಿನ ಗುಂಡು ಎಂಬತ್ತನಾಲ್ಕು ಉಳಿದಿತ್ತು. ಪಂದ್ಯಕ್ಕೆ ಅರವತ್ತು, ಅದಕ್ಕೆ ಮೊದಲು ಸೈಟ್, ಅಂದರೆ ಗುರಿ ಹಿಡಿಯುವ ಕಿಂಡಿ, ಸರಿಮಾಡಿಕೊಳ್ಳಲು ಹತ್ತೋ ಹದಿನೈದೋ ಸಾಕು.

ಆಮೇಲೆ ನಾನೇ ಎಲ್ಲ ಕೆಡಿಸಿದೆ.

ಆ ಮಧ್ಯಾಹ್ನ ಅವರ ರೈಫಲ್ ಕೈಗೆ ತೆಗೆದುಕೊಂಡೆ, ಗುಂಡಿನ ಕೋಣೆ ಮುಚ್ಚುವ ಬೋಲ್ಟ್ ಸರಿಯಾಗಿದೆಯೇ ನೋಡಲು. ನಾಳೆ ದೊಡ್ಡ ದಿನ ಎನ್ನುವುದು ಮನಸ್ಸಿನಲ್ಲಿತ್ತು. ಅಪ್ಪನ ಕಾಲದಿಂದ ನಮ್ಮಲ್ಲಿ ಒಂದು ಪದ್ಧತಿ. ದೊಡ್ಡ ದಿನದ ಮೊದಲು ಬಂದೂಕಿನ ನಳಿಗೆಯಲ್ಲಿ ಚಿಂದಿ, ಅಂದರೆ ಬಿಳಿ ಬಟ್ಟೆಯ ತುಂಡು, ತೂರಿಸಿ ಎಳೆಯಬೇಕು. ಹೊರಬಂದ ಚಿಂದಿ ಹೋದಷ್ಟೇ ಬಿಳಿಯಾಗಿರುವ ತನಕ ಎಳೆಯಬೇಕು. ಪರೇಡಿನ ಹಿಂದಿನ ದಿನ ಅಪ್ಪ ನನಗೆ ಚಿಂದಿ ಕತ್ತರಿಸಲು ಹಚ್ಚುತ್ತಿದ್ದರು. ರೇಡಿಯೊ ಹಾಡುತ್ತಿತ್ತು, ನನ್ನ ಕೈ ತಾನಾಗಿ ಕೆಲಸ ಮಾಡುತ್ತಿತ್ತು. ಕಪ್ಪು ಚಿಂದಿ, ಬೂದು ಚಿಂದಿ, ಮತ್ತೆ ದ್ರಾವಣ, ಮತ್ತೆ ಚಿಂದಿ. ಇಪ್ಪತ್ತನೆಯದು ಬೆಳ್ಳಗೆ ಬಂದಾಗ ನನಗೆ ಹೆಮ್ಮೆಯೇ ಆಯಿತು.

ಐದು ಗಂಟೆಗೆ ಬಾಯಾರು ಬಂದರು. ಮೇಜಿನ ಕೆಳಗಿನ ಬುಟ್ಟಿಯಲ್ಲಿ ಕಪ್ಪು ಚಿಂದಿಗಳ ರಾಶಿ ನೋಡಿದರು. ನೋಡಿ ನಿಂತೇಬಿಟ್ಟರು.

"ಅಕ್ಕಾ, ಇವು ಯಾವ ರೈಫಲ್ಲಿನವ್ರಿ?"

ಆಗ ನನಗೆ ಹೊಳೆಯಿತು. ಪೊಲೀಸ್ ಬಂದೂಕು ಬೇರೆ, ಇದು ಬೇರೆ. ಪಾಯಿಂಟ್ ಟೂ ಟೂ ಗುಂಡಿನ ಸೀಸಕ್ಕೆ ಮೇಣ ಹಚ್ಚಿರುತ್ತಾರೆ. ಹೊಡೆಯುತ್ತ ಹೋದಂತೆ ನಳಿಗೆಯ ಒಳಗೋಡೆಗೆ ಮೇಣ, ಸೀಸ ತೆಳ್ಳಗೆ ಮೆತ್ತಿ ಒಂದು ಹದಕ್ಕೆ ಬರುತ್ತದೆ. ಆ ಹದದ ಮೇಲೆಯೇ ಒಂದೇ ತೂತಿಗೆ ಗುಂಡು ಬೀಳುವುದು. ಪೂರ್ತಿ ಉಜ್ಜಿ ತೆಗೆದರೆ ಹೊಸದಾಗಿ ಹದ ಬರುವ ತನಕ ಗುಂಡು ಎಲ್ಲೆಲ್ಲೋ ಹೋಗುತ್ತದೆ. ಆ ರೈಫಲ್ಲಿಗೆ ಮೂವತ್ತು ಬೇಕು, ನನಗೆ ಅನುಭವದಿಂದ ಗೊತ್ತು. ಎಂಬತ್ತನಾಲ್ಕರಲ್ಲಿ ಮೂವತ್ತು ಹೋದರೆ ಐವತ್ತನಾಲ್ಕು. ಪಂದ್ಯಕ್ಕೆ ಅರವತ್ತು ಬೇಕು. ಗುಂಡು ಧಾರಾಳವಿದ್ದ ಕಾಲದಲ್ಲಿ ಇದು ನಗುವ ವಿಷಯವಾಗುತ್ತಿತ್ತು, ಒಂದು ಪೆಟ್ಟಿಗೆ ಹೆಚ್ಚು ಸುಟ್ಟರೆ ಮುಗಿಯುತ್ತಿತ್ತು. ಈಗ ಅದೇ ಕೆಲಸ ಒಬ್ಬರ ಎಂಟು ವರ್ಷದ ಮೇಲೆ ಕಲ್ಲು ಹಾಕಿತ್ತು.

ನನಗೆ ಅಳು ಬಂತು, ಬಾಯಾರಿಗಲ್ಲ. "ಬೈಯ್ರಿ ನನಗ" ಎಂದೆ. ಅವರು ಸ್ಟೂಲಿನ ಮೇಲೆ ಕೂತು, "ಬೈದ್ರ ಮೇಣ ವಾಪಸ್ ಬರತೈತೇನ್ರಿ? ಸುಮ್ಮನಿರ್ರಿ, ವಿಚಾರ ಮಾಡೂಣು" ಎಂದರು. ಅವರ ಕೈ ಮಾತ್ರ ಸೀರೆಯ ಸೆರಗನ್ನು ಸುತ್ತಿ ಬಿಚ್ಚಿ ಮಾಡುತ್ತಿತ್ತು.

ನಾನು ನೇರ ಕಾರ್ಯದರ್ಶಿಗಳ ಕೋಣೆಗೆ ಹೋದೆ. ತಪ್ಪು ನನ್ನದು, ಮೇಡಂಗೆ ಶಿಕ್ಷೆ ಬೇಡ, ಆ ಎರಡು ಪೆಟ್ಟಿಗೆ ಕೊಡಿ ಎಂದೆ. ನೂರು ಗುಂಡಿದ್ದರೆ ಮೂವತ್ತು ನಳಿಗೆಗೆ, ಅರವತ್ತು ಪಂದ್ಯಕ್ಕೆ, ಹತ್ತು ಸೈಟಿಗೆ. ಸರಿಯಾಗಿ ಸಾಕಾಗುತ್ತಿತ್ತು. ಅವರು ತುಸು ಯೋಚಿಸಿ, ಪೆಟ್ಟಿಗೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಟೈಪ್ ಮಾಡಿದ ಒಂದು ಕಾಗದವನ್ನೂ ಇಟ್ಟರು. ಈ ಟ್ರಯಲ್ಸ್ ನನ್ನ ಕೊನೆಯದು, ಇನ್ನು ಮುಂದೆ ನನ್ನ ಜಾಗ ಹೊಸಬರಿಗೆ ಬಿಡುತ್ತೇನೆ ಎಂದು ಮೇಡಂ ಸಹಿ ಮಾಡಬೇಕು. "ಒಳ್ಳೆಯ ಗುಂಡಿನಲ್ಲಿ ಒಳ್ಳೆಯ ಅಂಕ ಹೊಡೆದು ಹೋಗಲಿ ಅಮ್ಮಾ. ಇದಕ್ಕಿಂತ ಮರ್ಯಾದೆ ಏನಿದೆ?" ಎಂದರು. ಅವರು ಅದನ್ನು ನಿಜವಾಗಿ ಉಪಕಾರ ಎಂದೇ ತಿಳಿದಿದ್ದರು.

ಕಾಗದ ತಂದು ಬಾಯಾರಿಗೆ ಕೊಟ್ಟೆ. ಸಹಿ ಮಾಡಿ ಎಂದೂ ಹೇಳಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ನನ್ನ ತಪ್ಪಿನ ಭಾರ ಇಳಿದರೆ ಸಾಕಾಗಿತ್ತು ನನಗೆ. ಅವರು ಎರಡು ಸಲ ಓದಿದರು. ಪರೀಕ್ಷೆಯ ಪೇಪರ್ ತಿದ್ದುವ ಹಾಗೆ ಪೆನ್ನು ತೆಗೆದು, 'ಬಿಡುತ್ತೇನೆ' ಎನ್ನುವ ಕಡೆ ಒಂದು ಅಡ್ಡಗೆರೆ ಎಳೆದು ಮಡಚಿ ನನ್ನ ಕೈಗಿಟ್ಟರು. "ತಂಡದಾಗ ಉಳ್ಯಾಕ ಗುಂಡು ಕೇಳಿದ್ವಿ ಅಕ್ಕಾ. ಬಿಟ್ಟು ಹೋಗೂದಾದ್ರ ಗುಂಡು ಯಾಕ ಬೇಕು?"

ಕಾಗದವನ್ನು ಹಾಗೆಯೇ ಕಾರ್ಯದರ್ಶಿಗಳ ಮೇಜಿಗೆ ಮುಟ್ಟಿಸಿ ಬಂದೆ. ಹೊರಗೆ ಮರುದಿನಕ್ಕಾಗಿ ಗುರಿಗಳನ್ನು ಜೋಡಿಸುತ್ತಿದ್ದರು, ರೇಂಜ್ ಮುಚ್ಚಿತ್ತು, ಇನ್ನು ಒಂದು ಗುಂಡೂ ಹೊಡೆಯುವ ಹಾಗಿರಲಿಲ್ಲ. ಮಾಡಲು ಏನೂ ತೋಚದೆ ಬಿಸ್ಕತ್ ಡಬ್ಬಿಯ ಹೊಟ್ಟನ್ನು ರವಿವಾರಕ್ಕೆಂದು ಪೊಟ್ಟಣ ಕಟ್ಟಲು ಕೂತೆ. ನಾಲ್ಕು ಪೊಟ್ಟಣ ಕಟ್ಟುವಷ್ಟರಲ್ಲಿ ಬೆರಳುಗಳು ಅಂಟತೊಡಗಿದವು. ಒರೆಸಿಕೊಂಡೆ, ಮತ್ತೆ ಅಂಟಿತು. ಮೇಣ.

"ಬಾಯಾರ!" ಎಂದು ನಾನು ಕಿರುಚಿದ್ದಕ್ಕೆ ಅವರು ಬೆಚ್ಚಿಬಿದ್ದರು. "ಹೊಟ್ಟಿಗೂ ಇದ ಮೇಣ ಐತಿ! ಒಂದ ಲಾಟು, ಒಂದ ಮೇಣ, ಒಂದ ಸೀಸ. ಅಂಚು ದಪ್ಪ ಐತೋ ತೆಳ್ಳಗೈತೋ ನಳಿಗಿಗೇನ ಗೊತ್ತಾಗತೈತ್ರಿ? ಅದಕ್ಕ ಬೇಕಾಗಿದ್ದು ಮೇಣ."

ಕೆಮಿಸ್ಟ್ರಿಯವರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ನಿಯಮದ ಪುಸ್ತಕ ತೆಗೆದು ಇಬ್ಬರೂ ಓದಿದೆವು. ಪಂದ್ಯಕ್ಕೆ ಮೊದಲು ಹದಿನೈದು ನಿಮಿಷ ಸೈಟ್ ಸರಿಮಾಡಿಕೊಳ್ಳಲು ಕೊಡುತ್ತಾರೆ, ಅದರಲ್ಲಿ ಎಷ್ಟು ಬೇಕಾದರೂ ಹೊಡೆಯಬಹುದು, ಅಂಕಕ್ಕೆ ಸೇರುವುದಿಲ್ಲ. ಆ ಹದಿನೈದು ನಿಮಿಷದಲ್ಲಿ ಮೂವತ್ತು ಹೊಟ್ಟು ಸುಟ್ಟು ನಳಿಗೆಯನ್ನು ಹದಕ್ಕೆ ತಂದು, ಆಮೇಲೆ ಒಳ್ಳೆಯ ಗುಂಡಿಗೆ ಬದಲಾಯಿಸಬೇಕು. ಕಷ್ಟ ಇದ್ದದ್ದು ಬೇರೆ ಕಡೆ. ಆ ಮೂವತ್ತೂ ಪ್ರತಿ ಸಾಲಿನ ಅಂಕ ತೋರಿಸುವ ಪರದೆಯ ಮೇಲೆ ಏಳು, ಎಂಟು ಎಂದು ಎಲ್ಲೆಲ್ಲೋ ಬೀಳುತ್ತವೆ. ಎಲ್ಲರ ಕಣ್ಣಿಗೂ ಬೀಳುತ್ತದೆ. ಹೊಡೆಯುವವರ ಕೈ ಸೈಟಿನ ತಿರುಪಿಗೆ ಹೋಗದೆ ಇರುವುದಿಲ್ಲ. ಒಮ್ಮೆ ತಿರುಪು ತಿರುಗಿಸಿದರೆ ಸುಳ್ಳನ್ನು ನಂಬಿದಂತಾಯಿತು, ಆಮೇಲೆ ಒಳ್ಳೆಯ ಗುಂಡೂ ದಾರಿ ತಪ್ಪುತ್ತದೆ. ಪಂದ್ಯ ನಡೆಯುವಾಗ ನಾನು ಹಿಂದಿನಿಂದ ಮಾತಾಡುವ ಹಾಗೂ ಇಲ್ಲ.

"ಮೂವತ್ತು ಮುಗಿಯೂ ತನಕ ಪರದೆ ಕಡೆ ತಿರಗಬ್ಯಾಡ್ರಿ. ತಿರುಪು ಮುಟ್ಟಬ್ಯಾಡ್ರಿ. ಬಾಯಾಗ ಎಣಸ್ಕೊಂತ ಹೊಡೀರಿ" ಎಂದೆ.

"ಹುಡುಗ್ರು ಕ್ಲಾಸಿನಾಗ ಕಾಗದದ ರಾಕೆಟ್ ಬಿಡಾಕತ್ತಾಗ ಬೋರ್ಡಿನ ಮ್ಯಾಲ ಬರಕೊಂತ ನಿಂತಾಕಿ ನಾನು" ಎಂದರು ಬಾಯಾರು.

ಬೆಳಿಗ್ಗೆ ಒಂಬತ್ತಕ್ಕೆ ಅವರು ಹನ್ನೊಂದನೇ ಸಾಲಿನಲ್ಲಿ ಮಲಗಿದರು. ಪಕ್ಕದಲ್ಲಿ ತೂತು ಕೊರೆದ ಎರಡು ಮರದ ತುಂಡು, ಎಡಕ್ಕೆ ಮೂವತ್ತು ಹೊಟ್ಟು, ಬಲಕ್ಕೆ ಎಂಬತ್ತನಾಲ್ಕು ಅರಿಶಿನ. ಗುಂಡುಗಳು ನೋಡಲು ಒಂದೇ ತರ, ಹಾಗಾಗಿ ಎಡದ ತುಂಡಿಗೆ ಕೆಂಪು ಬಣ್ಣ ಬಳಿದಿದ್ದೆ. ಸಮಯ ಶುರುವಾಯಿತು. ಮೊದಲನೆಯದು ಎಂಟು. ಎರಡನೆಯದು ಏಳು, ಕೆಳಗೆ. ಮೂರನೆಯದು ಆರು. ಹನ್ನೊಂದನೇ ಸಾಲಿನ ಪರದೆಯ ಮೇಲೆ ಚುಕ್ಕೆಗಳು ಸಿಡುಬಿನ ಹಾಗೆ ಎದ್ದವು. ನನ್ನ ಹಿಂದೆ ಯಾರೋ, "ಅಯ್ಯೋ, ಮೇಡಂಗೆ ಏನಾಯಿತು?" ಎಂದು ತೆಲುಗಿನಲ್ಲಿ ಅಂದರು. ಕಾರ್ಯದರ್ಶಿಗಳು ನನ್ನ ಹತ್ತಿರ ಬಂದು ಬಗ್ಗಿ, "ಕಾಗದ ಇನ್ನೂ ನನ್ನ ಜೇಬಿನಲ್ಲೇ ಇದೆ, ಪೆಟ್ಟಿಗೆಯೂ ಇದೆ. ಈಗಲೂ ತಡವಾಗಿಲ್ಲ" ಎಂದು ಪಿಸುಗುಟ್ಟಿದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು, ಅದಕ್ಕೇ ನನಗೆ ಮತ್ತಷ್ಟು ಸಿಟ್ಟು ಬಂತು. "ಕೂತ್ಕೊಳ್ಳಿ ಸಾರ್, ಇದು ಬರೀ ಹೊಟ್ಟು" ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಬಾಯಾರು ಪರದೆಯ ಕಡೆ ಕತ್ತು ತಿರುಗಿಸಲಿಲ್ಲ. ಬೋಲ್ಟ್ ಎಳೆಯುವುದು, ಕೆಂಪು ತುಂಡಿನಿಂದ ಒಂದು ತೆಗೆಯುವುದು, ಹೊಡೆಯುವುದು. ತುಟಿ ಮಾತ್ರ ಅಲುಗುತ್ತಿತ್ತು. ಹದಿನೇಳನೆಯದರ ನಂತರ ಅವರ ಬಲಗೈ ತಿರುಪಿನ ಕಡೆಗೆ ಹೊರಟಿತು. ಕೈ ಅರ್ಧಕ್ಕೆ ನಿಂತು, ಹಣೆಯ ಬೆವರು ಒರೆಸಿ, ಮತ್ತೆ ಬೋಲ್ಟಿಗೆ ಹೋಯಿತು. ಇಪ್ಪತ್ತೈದು ದಾಟುವಾಗ ಚುಕ್ಕೆಗಳು ಮೆಲ್ಲಗೆ ಒಳಗೆ ಸರಿಯುತ್ತಿದ್ದವು. ಕೆಂಪು ತುಂಡು ಖಾಲಿಯಾದಾಗ ಐದು ನಿಮಿಷ ಉಳಿದಿತ್ತು.

ಬಲದ ತುಂಡಿನಿಂದ ಮೊದಲನೆಯದು ಒಂಬತ್ತೂವರೆ. ಈಗ ಅವರು ಪರದೆ ನೋಡಿದರು. ಇನ್ನೂ ನಾಲ್ಕು ಹೊಡೆದು, ತಿರುಪನ್ನು ಎರಡು ಕ್ಲಿಕ್ ತಿರುಗಿಸಿ, ಮತ್ತೆ ಏಳು ಹೊಡೆದರು. ಕೊನೆಯ ಮೂರೂ ಹತ್ತರ ಒಳಗೆ ಒಂದರ ಮೇಲೊಂದು ಕೂತವು. ಪಂದ್ಯಕ್ಕೆ ಎಪ್ಪತ್ತೆರಡು ಉಳಿದವು.

ಅರವತ್ತು ಗುಂಡಿನ ಕಥೆಯನ್ನು ಒಂದೊಂದಾಗಿ ಹೇಳುವುದಿಲ್ಲ. ನಲವತ್ತೊಂದನೆಯದು ಹೊತ್ತಲೇ ಇಲ್ಲ, ಟಕ್ ಎಂದು ಸುಮ್ಮನಾಯಿತು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು, ಆಮೇಲೆ ತೆಗೆಯಬೇಕು. ಅವರು ಕಾದರು, ತೆಗೆದರು, ಇನ್ನೊಂದು ಹಾಕಿದರು. ಐವತ್ತರ ಹತ್ತಿರ ಗಾಳಿ ಎದ್ದು ಬಾವುಟಗಳು ತಿರುಗಿದವು, ಎರಡು ಎಂಟಕ್ಕೆ ಹೋದವು. ಆಗ ಗುಂಡನ್ನು ದೂರುವುದು ಸುಲಭವಿತ್ತು. ಅವರು ರೈಫಲ್ ಇಳಿಸಿ, ಬಾವುಟ ನಿಲ್ಲುವ ತನಕ ಹಾಗೇ ಮಲಗಿದರು. ಗಡಿಯಾರ ಓಡುತ್ತಿತ್ತು, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೊನೆಯ ಗುಂಡು ಹೊಡೆದಾಗ ಒಂದು ನಿಮಿಷ ಮಿಕ್ಕಿತ್ತು.

ನಾಲ್ವರ ತಂಡದಲ್ಲಿ ಅವರು ನಾಲ್ಕನೆಯವರು. ಐದನೆಯವರಿಗಿಂತ ಒಂದು ಪಾಯಿಂಟ್ ಎರಡು ಅಂಕ ಹೆಚ್ಚು. ಆ ಐದನೆಯವಳು ಇಪ್ಪತ್ತೊಂದರ ಹುಡುಗಿ, ಬಾಯಾರು ಸಹಿ ಮಾಡಬಹುದೆಂದು ಕಾರ್ಯದರ್ಶಿಗಳು ಕೊನೆಯ ತನಕ ತಮ್ಮಲ್ಲೇ ಇಟ್ಟುಕೊಂಡ ಆ ಎರಡು ಪೆಟ್ಟಿಗೆ ಸಿಕ್ಕಿದ್ದರೆ ಗೆಲ್ಲುತ್ತಿದ್ದಳೋ ಏನೋ, ಆ ಮಾತು ನನಗೆ ಈಗಲೂ ಚುಚ್ಚುತ್ತದೆ. ಅವಳೂ ಅವತ್ತು ದೇಶೀ ಗುಂಡಿನಲ್ಲೇ ಹೊಡೆದಿದ್ದಳು, ವಿಂಗಡಿಸದೆ. ಬಾಯಾರು ಅವಳನ್ನು ಕರೆದು, "ನಾಳೆಯಿಂದ ನಾಲ್ಕಕ್ಕ ಬಾ, ಅಳಿಯೂದು ಕಲಸತೀವಿ" ಎಂದರು. ಹುಡುಗಿಗೆ ಕನ್ನಡ ಬಾರದು, ಆಮೇಲೆ ತೆಲುಗಿನಲ್ಲಿ ಹೇಳಿದರು.

ರೈಫಲ್ ನನ್ನ ಕೈಗೆ ಬಂತು. ಕೈ ತಾನಾಗಿ ಚಿಂದಿಯ ಡಬ್ಬಿಗೆ ಹೋಯಿತು. "ಅಕ್ಕಾ!" ಎಂದು ಬಾಯಾರು ಕೂಗಿದ್ದು ಇಡೀ ರೇಂಜಿಗೆ ಕೇಳಿಸಿತು. ಚಿಂದಿಯ ಡಬ್ಬಿಗೆ ಬೀಗ ಹಾಕಿ ಕೀಲಿಯನ್ನು ಅವರ ಕೈಗೇ ಕೊಟ್ಟೆ. ಅಪ್ಪ ಇದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದರು, ಆದರೆ ಅಪ್ಪ ಯಾವತ್ತೂ ಗುಂಡಿಲ್ಲದ ಶಸ್ತ್ರಾಗಾರ ನೋಡಿದವರಲ್ಲ.

ಚಹಾ ಕುಡಿಯುವಾಗ ಕಾರ್ಯದರ್ಶಿಗಳು ಬಾಯಾರಿಗೆ ಕೈಮುಗಿದು ಅಭಿನಂದಿಸಿದರು, ಮುಖ ಸಣ್ಣದಾಗಿತ್ತು. ನಾನು ಎಲ್ಲರ ಮುಂದೆಯೇ ಕೇಳಿದೆ. "ಸಾರ್, ಆ ಶಾಲು ಎಲ್ಲಿದೆ?"

ಅವರು ತಡವರಿಸಿದರು. "ಅದು... ಮೇಡಂ ಈಗ ಹೋಗುವುದಿಲ್ಲವಲ್ಲ. ಹೊದಿಸುವುದು ಹೇಗೆ?"

"ಹೊದಿಸಲು ಬೇಡ ಸಾರ್, ಹಾಸಲು ಬೇಕು."

ಅವರು ನನ್ನನ್ನು ನೋಡಿದರು, ಬಾಯಾರನ್ನು ನೋಡಿದರು, ಎದ್ದು ಹೋಗಿ ಡ್ರಾಯರ್ ತೆಗೆದು ಕವರ್ ಸಮೇತ ತಂದು ಕೊಟ್ಟರು. ಹೆಸರಿನ ಚೀಟಿಯನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು.

ಮುಂದಿನ ವಾರ ಅಬಿಡ್ಸಿನವರು ಫೋನ್ ಮಾಡಿ, ಬೆಲೆ ಮತ್ತೆ ಏರಿದೆ, ಹೊರದೇಶದ ಮಾಲು ಈ ವರ್ಷವೂ ಅನುಮಾನ ಎಂದರು. ಒಂದೇ ಲಾಟಿನ ದೇಶೀ ಕಾರ್ಟನ್ ಕಳಿಸಿ ಎಂದೆ. ಅದು ಬಂದ ಸಂಜೆ ಬಾಯಾರು, ಆ ಹುಡುಗಿ, ನಾನು ಮೂವರೂ ಕಬ್ಬಿಣದ ಮೇಜಿನ ಮೇಲೆ ಕಂದು ಶಾಲನ್ನು ಬಿಗಿಯಾಗಿ ಹಾಸಿ, ನಡುವೆ ಒಗ್ಗರಣೆ ಡಬ್ಬಿ ಇಟ್ಟು, ಕಾರ್ಟನ್ ಸುರಿದೆವು. ಐನೂರರಲ್ಲಿ ಒಂದೂ ಉರುಳಿ ಕೆಳಗೆ ಬೀಳಲಿಲ್ಲ.